ಬೆಂಕಿಯಲ್ಲದ ಚುಕ್ಕೆ

“ಆಂಟಿ, ಈ ಚುಕ್ಕೆ ಬೆಂಕಿ ಅಲ್ಲ. ಯಾರೋ ಮನುಷ್ಯರು ಇದಾರೆ!” ಕಾಡಿನ ಅಧ್ಯಯನಕ್ಕೆಂದು ಬಂದು ಡ್ರೋನ್ ಹಾರಿಸುತ್ತಿದ್ದ ಸಂಶೋಧಕಿ ನನಗೆ ಪರದೆ ತೋರಿಸಿದಳು. ಯಲಹಂಕದಾಚೆಯ ಕುರುಚಲು ಕಾಡಿಗೆ ಬೆಂಕಿ ಬಿದ್ದಿತ್ತು. ಹಸಿ ಸೊಪ್ಪು ಹಿಡಿದು ಆರಿಸಲು ಹೋದ ನನ್ನ ಗಂಡ ಇನ್ನೂ ಬಂದಿರಲಿಲ್ಲ.

ಡ್ರೋನ್ ಶಾಖ ಗುರುತಿಸಿ ಕಳಿಸುತ್ತಿದ್ದ ಚಿತ್ರದಲ್ಲಿ, ಗಾಳಿಗೆ ತಿರುಗಿದ ಬೆಂಕಿ ಆ ಚುಕ್ಕೆಯನ್ನು ಸುತ್ತುವರಿಯುತ್ತಿತ್ತು. ಅವಳು ಅಗ್ನಿಶಾಮಕದವರಿಗೆ ಫೋನಿನಲ್ಲಿ ಕೂಗಿದಳು: “ಬಂಡೆ ಎಡಗಡೆ ಇನ್ನೂ ದಾರಿ ಇದೆ ಸರ್, ಬೇಗ ಹೋಗಿ!”

ಚುಕ್ಕೆ ಅಲುಗಾಡಲೇ ಇಲ್ಲ. ನನಗೆ ಅಳುವುದಕ್ಕೂ ಧೈರ್ಯವಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಅಗ್ನಿಶಾಮಕದ ಇಬ್ಬರ ಹೆಗಲಿಗೆ ಒರಗಿ ನಮ್ಮವರು ಕುಂಟುತ್ತಾ ಬಂದರು. ಕಾಲು ಉಳುಕಿತ್ತು, ಹುಬ್ಬು ಸುಟ್ಟಿತ್ತು.

ಈಗ ಒಣಹುಲ್ಲು ಸುಟ್ಟ ವಾಸನೆ ಎಲ್ಲಿಂದ ಬಂದರೂ, ಮೊದಲು ಅವರು ಮನೆಯಲ್ಲಿದ್ದಾರೆಯೇ ಎಂದು ಕೋಣೆ ಕೋಣೆ ನೋಡುತ್ತೇನೆ.