ಘಾಟು ಬಾರದ ಮೆಣಸಿನಕಾಯಿ

ಹೋದ ವಾರ ಮಹಡಿ ಮನೆಯವರು ತಮ್ಮ ಮಗುವಿಗೆ ದೃಷ್ಟಿ ತೆಗೆದರು. ಒಣಮೆಣಸಿನಕಾಯಿ ಸುಟ್ಟ ಘಾಟು ಮೆಟ್ಟಿಲಿಳಿದು ನಮ್ಮ ನಡುಮನೆಗೆ ನುಗ್ಗಿತು. ನಾನು ಪೇಪರ್ ಬಿಸಾಕಿ ಕೆಮ್ಮುತ್ತಾ ಹಿತ್ತಲಿಗೆ ಹೋದೆ. ಒಳಗೆ ನನ್ನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಸದ್ಯ, ಘಾಟು ಬಂತಲ್ಲ. ಆ ಮಗೂಗೆ ಏನೂ ತಾಕಿಲ್ಲ ಬಿಡಿ" ಎಂದಳು.

ನಮ್ಮಲ್ಲಿ ನಂಬಿಕೆ ಹಾಗೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಾಗ ಮನೆಮಂದಿಯೆಲ್ಲ ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟೇ ಬಾರದೆ ಸುಮ್ಮನೆ ಕರಕಲಾದರೆ ಯಾರದೋ ಕಣ್ಣು ಬಿದ್ದಿದೆ ಎಂದು ತಿಳಿಯಬೇಕು.

ಹಿತ್ತಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಾಗ ಎದುರಿಗೆ ಹಿಂದಿನ ಮನೆಯ ಬಾಗಿಲು ಕಂಡಿತು. ಮನೆ ಎಂದರೆ ಒಂದು ಕೋಣೆ, ಅದಕ್ಕಂಟಿದ ಅಡುಗೆಮನೆ, ಅಷ್ಟೇ. ಈಗ ಅದರಲ್ಲಿ ಹಳೆಯ ಸೈಕಲ್ಲು, ಪೇಂಟ್ ಡಬ್ಬ ತುಂಬಿದ್ದೇವೆ. ಕೆಲವು ವರ್ಷದ ಹಿಂದೆ ಅಲ್ಲಿ ರೊಟ್ಟಿಯಮ್ಮ ಬಾಡಿಗೆಗೆ ಇದ್ದರು.

ಅವರು ವಿಜಯಪುರದ ಕಡೆಯವರು. ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಬೆಳಗಾಗುತ್ತಲೇ ಜೋಳದ ರೊಟ್ಟಿ ಬಡಿಯಲು ಕೂತರೆ ಮಧ್ಯಾಹ್ನದವರೆಗೂ ಪಟಪಟ ಸದ್ದು ನಿಲ್ಲುತ್ತಿರಲಿಲ್ಲ. ಹತ್ತಿರದ ವಿಜಯನಗರದ ಒಂದು ಖಾನಾವಳಿಗೂ ನಮ್ಮ ಬೀದಿಯ ನಾಲ್ಕಾರು ಮನೆಗಳಿಗೂ ಅವರ ರೊಟ್ಟಿಯೇ ಹೋಗುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯೊಂದರ ಸ್ಟೋರಿನಲ್ಲಿ ದುಡಿದು ನಿವೃತ್ತನಾದವನು. ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದುದರಿಂದ ಆ ಸದ್ದು ನನಗೆ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿತ್ತು.

ಮಗ, ಸೊಸೆ ದೀಪಾಂಜಲಿ ನಗರದಲ್ಲಿದ್ದರು. ಶನಿವಾರ ಸಂಜೆ ಮೊಮ್ಮಗಳನ್ನು ನಮ್ಮಲ್ಲಿ ಬಿಟ್ಟರೆ ಭಾನುವಾರ ಸಂಜೆ ಬಂದು ಕರೆದುಕೊಂಡು ಹೋಗುವರು. ಪುಟ್ಟಿಗೆ ಆಗ ಮಾತು ಬರುತ್ತಿದ್ದ ವಯಸ್ಸು. ನಾವಿಬ್ಬರೂ ವಾರವೆಲ್ಲ ಬದುಕುತ್ತಿದ್ದುದು ಆ ಒಂದು ದಿನಕ್ಕಾಗಿ. ಭಾನುವಾರ ತಿಂಡಿ ಮುಗಿಸಿ ಮೂವರೂ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗಿ ಬರುವುದು ನಮ್ಮ ಸುತ್ತಾಟ. ಹೆಂಡತಿಯ ಚೀಲದಲ್ಲಿ ಹಾಲಿನ ಫ್ಲಾಸ್ಕು, ರಾಗಿ ಬಿಸ್ಕತ್ತು, ಇನ್ನೊಂದು ಚಡ್ಡಿ. ಪುಟ್ಟಿ ಸೀಟಿನ ಮೇಲೆ ಮಂಡಿಯೂರಿ ಗಾಜಿಗೆ ಮೂಗು ಒತ್ತಿ, ಮನೆಗಳ ತಾರಸಿ, ಕಪ್ಪು ನೀರಿನ ಟ್ಯಾಂಕು, ಒಣಹಾಕಿದ ಸೀರೆ ಎಲ್ಲಕ್ಕೂ ಟಾಟಾ ಮಾಡುವಳು. ಮುಂದಿನ ನಿಲ್ದಾಣದ ಹೆಸರು ಕೂಗಿದಾಗಲೆಲ್ಲ ತಾನೂ "ದಾಣ" ಎಂದು ಕೂಗುವಳು. ಕೆಂಗೇರಿಯಲ್ಲಿ ಇಳಿದು, ಅವಳಿಗೆ ಹಾಲು ಕುಡಿಸಿ, ಬಸ್ಸುಗಳನ್ನು ತೋರಿಸಿ ಅದೇ ದಾರಿಯಲ್ಲಿ ವಾಪಸ್ಸು. ಅದಕ್ಕಿಂತ ದೊಡ್ಡ ಸುಖ ನನಗೆ ನೆನಪಿಲ್ಲ.

ಒಂದು ಭಾನುವಾರ ಪುಟ್ಟಿ ರೊಟ್ಟಿಯಮ್ಮನ ಸೆರಗು ಹಿಡಿದುಕೊಂಡು ಬಿಡಲೇ ಇಲ್ಲ. ಅವಳ ಬಾಯಲ್ಲಿ ಅವರು 'ಪಟಪಟ ಅಜ್ಜಿ.' ಹಟ ತಡೆಯಲಾರದೆ ಹೆಂಡತಿ, "ನೀವೂ ಬನ್ನಿ, ಒಂದ್ಸಲ ನೋಡಿದ ಹಾಗಾಗತ್ತೆ" ಎಂದಳು.

"ನಾ ಯಾವತ್ತೂ ಆ ಗಾಡಿ ಹತ್ತಿಲ್ರಿ ಅಕ್ಕಾರ. ಬಾಗಲಾ ಮುಚ್ಚೂವಾಗ ಸೀರಿ ಸಿಕ್ಕೊಂಡ್ರ ಏನ್ ಮಾಡ್ಲಿ?"

"ಸೀರೆ ಕೆಂಗೇರಿಗೆ ಹೋಗತ್ತೆ, ನೀವು ಇಲ್ಲೇ ಇರ್ತೀರ, ಅಷ್ಟೇ."

ಇಬ್ಬರೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದು ಈಗಲೂ ಕಣ್ಣ ಮುಂದಿದೆ...

ರೈಲಿನಲ್ಲಿ ಅವರು ನಮ್ಮೆದುರು ಸೀಟಿನ ಮೂಲೆಯಲ್ಲಿ ಕೂತರು. ಪುಟ್ಟಿ ಅವರ ತೊಡೆ ಏರಿದಳು. ಅವಳ ಎರಡೂ ಅಂಗೈಯನ್ನು ಹಿಡಿದು ಅವರು ರೊಟ್ಟಿ ಬಡಿಯುವ ಆಟ ಆಡಿಸಿದರು. ಆ ದಿನ ಅವಳು ಕಿಟಕಿಯ ಕಡೆ ತಿರುಗಲೂ ಇಲ್ಲ. ನಾನು ಎದ್ದುಹೋಗಿ, "ಬಾ ಪುಟ್ಟಿ, ತಾತನ ಹತ್ರ ಬಾ, ಟ್ಯಾಂಕಿಗೆ ಟಾಟಾ ಮಾಡೋಣ" ಎಂದು ಕೈ ಚಾಚಿದೆ.

"ತಾತ ಬೇಡ."

ನಿಂತಿದ್ದ ಹುಡುಗರು ಗೊಳ್ಳೆಂದು ನಕ್ಕರು. "ತಾತ ಔಟ್, ಮಗಾ!" ಎಂದ ಒಬ್ಬ. ನಾನೂ ನಕ್ಕೆ. ನಕ್ಕು ಬಂದು ಕೂತೆ. ಆದರೆ ಎದೆಯೊಳಗೆ ಏನೋ ಹುಳಿಯಾಯಿತು. ಹೆತ್ತ ಮಗ ಬೇಡ ಎಂದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

ರೊಟ್ಟಿಯಮ್ಮ ಅವಳ ಗಲ್ಲ ಸವರಿ, "ಏನ್ ಕಳೆ ಐತ್ರೀ ಕೂಸಿನ ಮುಖದಾಗ! ನಂದ ಕಣ್ಣು ತಾಗೀತವ್ವಾ" ಎಂದು ತಮ್ಮ ಕಪಾಳಕ್ಕೆ ಬೆರಳು ಒತ್ತಿ ನೆಟಿಗೆ ಮುರಿದರು. ದೃಷ್ಟಿ ತಾಗದಿರಲಿ ಎಂದು ಅಜ್ಜಿಯರೆಲ್ಲ ಆಡುವ ಮಾತು ಅದು. ನನ್ನ ತಾಯಿಯೂ ಆಡುತ್ತಿದ್ದರು.

ಸಂಜೆ ಪುಟ್ಟಿಯ ಮೈ ಕಾದಿತ್ತು. ಹೆಂಡತಿ ಗಾಬರಿಯಾಗಿ, ಮಗ ಬರುವ ಮೊದಲೇ ದೃಷ್ಟಿ ತೆಗೆದುಬಿಡೋಣ ಎಂದಳು. ಒಲೆಯ ಮೇಲೆ ಕಬ್ಬಿಣದ ಬಾಣಲೆ ಕಾಯಲಿಟ್ಟು ನನ್ನನ್ನು ಮೆಣಸಿನಕಾಯಿ ಕೇಳಿದಳು. ನಮ್ಮ ಮನೆಯಲ್ಲಿ ಎರಡು ಡಬ್ಬ ಇರುತ್ತಿತ್ತು. ಒಂದರಲ್ಲಿ ಖಾರದ ಗುಂಟೂರು, ಇನ್ನೊಂದರಲ್ಲಿ ಸಾರಿನ ಪುಡಿಯ ಬಣ್ಣಕ್ಕೆಂದು ತರುವ ಬ್ಯಾಡಗಿ. ಗಡಿಬಿಡಿಯಲ್ಲಿ ನಾನು ಬ್ಯಾಡಗಿಯನ್ನು ಕೊಟ್ಟೆ. ಅದೂ ಹಳೆಯದು, ತೇವ ಕುಡಿದು ಮೆತ್ತಗಾಗಿತ್ತು, ಬೀಜವೆಲ್ಲ ಡಬ್ಬದ ತಳದಲ್ಲಿ ಉದುರಿಕೊಂಡಿತ್ತು. ಅವಳು ನಿವಾಳಿಸಿ ಬಾಣಲೆಗೆ ಹಾಕಿದ ಮೇಲೆಯೇ ನನ್ನ ಕೈಯಲ್ಲಿದ್ದ ಡಬ್ಬವನ್ನು ನಾನು ಸರಿಯಾಗಿ ನೋಡಿದ್ದು.

ಉಪ್ಪು ಚಟಪಟ ಎಂದಿತು. ಮೆಣಸಿನಕಾಯಿ ಕಪ್ಪಾಯಿತು. ತೆಳ್ಳಗೆ ಹೊಗೆ ಎದ್ದು ಹೋಯಿತು. ಯಾರೂ ಕೆಮ್ಮಲಿಲ್ಲ. ಪುಟ್ಟಿಯ ಬಿಸಿ ಉಸಿರು ಮಾತ್ರ ಕೇಳುತ್ತಿತ್ತು.

"ಘಾಟೇ ಬರ್ಲಿಲ್ಲ ಕಣ್ರೀ..." ಎಂದಳು ಹೆಂಡತಿ, ಬಾಣಲೆಯಿಂದ ಕಣ್ಣು ತೆಗೆಯದೆ.

ಬ್ಯಾಡಗಿ ಕೊಟ್ಟುಬಿಟ್ಟೆ ಕಣೇ, ಎಂದು ಹೇಳಬೇಕಿತ್ತು. ಅಷ್ಟೇ ಮಾತು. ಬಾಯಿಗೂ ಬಂದಿತ್ತು. ಆದರೆ ನಾನು ಡಬ್ಬದ ಮುಚ್ಚಳ ಹಾಕಿ, "ಬೆಳಿಗ್ಗೆ ಟ್ರೈನಲ್ಲಿ ಅವರು ಏನಂದ್ರು, ಕೇಳಿಸ್ಕೊಂಡ್ಯಾ?" ಎಂದೆ.

ಮಾರನೆಯ ದಿನ ಡಾಕ್ಟರು, ಎಲ್ಲ ಮಕ್ಕಳಿಗೂ ಬರ್ತಿದೆ, ಸಿರಪ್ ಕೊಡಿ ಎಂದರು. ಜ್ವರ ಇಳಿಯಿತು. ಆದರೆ ನಾನು ಆಡಿದ್ದು ಇಳಿಯಲಿಲ್ಲ. ಸೊಸೆಯ ಕಿವಿಗೆ ಬಿತ್ತು, ಅಲ್ಲಿಂದ ಬೀದಿಗೆ ಬಿತ್ತು. ಒಂದೊಂದೇ ಮನೆಯವರು ರೊಟ್ಟಿ ಬೇಡ ಎಂದರು. ಯಾರೂ ಕಾರಣ ಹೇಳಲಿಲ್ಲ. ರೊಟ್ಟಿಯಮ್ಮ ಹಿತ್ತಲಿಗೆ ಬಂದರೆ ಹೆಂಡತಿ ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗುವಳು. ಕೊನೆಗೆ ನಾನೇ, ಮನೆ ರಿಪೇರಿ ಮಾಡಿಸಬೇಕು, ಬೇರೆ ಕಡೆ ನೋಡಿಕೊಳ್ಳಿ ಎಂದೆ.

ಹೊರಡುವ ದಿನ ರೊಟ್ಟಿ ಹಂಚು, ಕೊಮ್ಮಣಿಗೆ ಎಲ್ಲ ಆಟೋಗೆ ಏರಿಸಿ ನನ್ನ ಹತ್ತಿರ ಬಂದರು. ಕೊಮ್ಮಣಿಗೆ ಎಂದರೆ ಹಿಟ್ಟು ನಾದುವ ಮರದ ತಟ್ಟೆ.

"ಅಣ್ಣಾರ, ನೀವರ ಹೇಳ್ರಿ. ನನ್ನ ಕಣ್ಣಾಗ ಏನರ ಐತೇನ್ರಿ?"

ಕೇಳುವಾಗ ಅವರು ಸಿಟ್ಟಾಗಿರಲಿಲ್ಲ. ಅವರಿಗೇ ಅನುಮಾನ ಬಂದಿತ್ತು. ಅದೇ ನನ್ನನ್ನು ಇಂದಿಗೂ ಸುಡುವುದು. ನಾನು ನಲ್ಲಿಯ ಕಡೆ ನೋಡುತ್ತಾ, "ನಮ್ಮನೆಯವಳಿಗೆ ಇಂಥದ್ರಲ್ಲಿ ನಂಬಿಕೆ ಜಾಸ್ತಿ" ಎಂದೆ. ಅವರು ಲಗ್ಗೆರೆಗೆ ಹೋದರು.

ಅದಾದ ಮೇಲಿನ ಮೊದಲ ಭಾನುವಾರ ನಾವು ಮೂವರೇ ರೈಲು ಹತ್ತಿದೆವು. ಜನ ಕಂಬಿ ಹಿಡಿದು ನಿಂತಿದ್ದರು. ಆದರೂ ಎದುರು ಸೀಟಿನ ಮೂಲೆಯ ಜಾಗದಲ್ಲಿ ಯಾರೂ ಕೂರಲಿಲ್ಲ. ಪುಟ್ಟಿ ಕಿಟಕಿಗೆ ಬೆನ್ನು ಹಾಕಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಮೈಸೂರು ರಸ್ತೆ ದಾಟಿದ ಮೇಲೆ ಅದರ ಕಡೆ ಎರಡೂ ಅಂಗೈ ಎತ್ತಿ ಪಟಪಟ ಬಡಿದು ಕಿಲಕಿಲ ನಕ್ಕಳು. ನಡುವೆ ಸ್ವಲ್ಪ ನಿಲ್ಲಿಸುವಳು, ಎದುರಿನವರ ಸರದಿಗೆ ಕಾಯುವ ಹಾಗೆ. ಮತ್ತೆ ಬಡಿಯುವಳು. ಹೆಂಡತಿಯ ಉಗುರು ನನ್ನ ತೋಳಿಗೆ ನಾಟಿತು.

ಮುಂದಿನ ವಾರವೂ ಹಾಗೆಯೇ. ಇನ್ನೊಂದು ವಾರ ನಮ್ಮ ಪಕ್ಕದಿಂದ ಇಳಿದುಹೋಗಿ ಆ ಸೀಟಿಗೆ ಕೆನ್ನೆ ಒತ್ತಿ ನಿಂತಳು. ಅವಳ ಹಣೆಯ ಕೂದಲು ಮೆಲ್ಲಗೆ ಹಿಂದಕ್ಕೆ ಸರಿಯಿತು. ಎಸಿ ಗಾಳಿ ಇರಬೇಕು ಅಂದುಕೊಂಡೆ... ಹೆಂಡತಿ ಅವಳ ಸೊಂಟಕ್ಕೆ ಕಪ್ಪು ದಾರ ಕಟ್ಟಿದಳು. ಹೋಗುವುದನ್ನು ಮಾತ್ರ ನಾವು ನಿಲ್ಲಿಸಲಿಲ್ಲ. ರೈಲು ಇಲ್ಲ ಎಂದರೆ ಪುಟ್ಟಿ ನೆಲಕ್ಕೆ ಬಿದ್ದು ಹೊರಳಾಡುವಳು. ನಮಗೂ ಆ ದಿನ ಬಿಟ್ಟರೆ ಬೇರೆ ಏನಿತ್ತು?

ಕೆಂಗೇರಿ ಪ್ಲಾಟ್‌ಫಾರಮ್ಮಿನಲ್ಲಿ ಕಂಡದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಪುಟ್ಟಿ ನಮ್ಮ ಮುಂದೆ ನಡೆಯುತ್ತಿದ್ದಳು. ಬಲಗೈ ಮೇಲಕ್ಕೆ ಎತ್ತಿತ್ತು, ಬೆರಳು ಮಡಚಿತ್ತು. ಮಕ್ಕಳು ದೊಡ್ಡವರ ಕೈ ಹಿಡಿದು ನಡೆಯುವಾಗ ತೋಳು ಹೇಗೆ ಇರುತ್ತದೋ ಹಾಗೆ. ಆ ಕಡೆ ಯಾರೂ ಇರಲಿಲ್ಲ. ನಾನು ಆ ಕೈ ಹಿಡಿಯಲು ಹೋದೆ, ಅವಳು ಕೊಡಲಿಲ್ಲ. ಮೆಟ್ಟಿಲ ಹತ್ತಿರ ಬಂದಾಗ ಕಾಲೆತ್ತಿ ಒಂದು ಮೆಟ್ಟಿಲು ಇಳಿದಳು, ನಿಂತಳು, ಪಕ್ಕಕ್ಕೆ ತಲೆಯೆತ್ತಿ ನೋಡಿ ಇನ್ನೊಂದು ಇಳಿದಳು. ವಯಸ್ಸಾದವರ ಮಂಡಿನೋವಿಗೆ ಕಾಯುವಂತೆ.

ಹೀಗೆ ಕೆಲವು ವಾರ. ಆಮೇಲೊಂದು ಭಾನುವಾರ ರೈಲು ಹತ್ತಿದವಳೇ ಎದುರು ಸೀಟು ನೋಡಿದಳು. ಬಹಳ ಹೊತ್ತು ನೋಡಿದಳು. ಅಂಗೈ ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪಟಪಟ ಅಜ್ಜಿ ಇಳಿದೋಯ್ತು" ಎಂದು ಹೇಳಿ ತಾನಾಗಿಯೇ ನನ್ನ ತೊಡೆ ಏರಿ, "ತಾತ" ಎಂದು ಕೊರಳು ತಬ್ಬಿಕೊಂಡಳು. ನಾನು ಬೇಡಿಕೊಂಡಿದ್ದು ಅದನ್ನೇ. ನಾನು ಅವಳನ್ನು ತಬ್ಬಿಕೊಂಡು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತೆ.

ಮಾರನೆಯ ದಿನವೇ ಖಾನಾವಳಿಯಲ್ಲಿ ವಿಳಾಸ ಕೇಳಿ ಲಗ್ಗೆರೆಗೆ ಹೋದೆ. ಇರುವ ವಿಷಯ ಹೇಳಿಬಿಡುತ್ತೇನೆ, ಕಾಲು ಹಿಡಿಯುತ್ತೇನೆ ಎಂದುಕೊಂಡಿದ್ದೆ. ವಠಾರದ ಕೊನೆಯ ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದರು. ಅವರೂ ಆ ಕಡೆಯವರೇ.

"ಯಾರ್ ಬೇಕಾಗಿತ್ರಿ? ಅವ್ರು ಶನಿವಾರ ತೀರಿಕೊಂಡ್ರಲ್ರಿ. ಮಣ್ಣು ಸೈತ ಆತು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಕೆ ನೀರು ತಂದುಕೊಟ್ಟು ಹೇಳಿದರು. "ಇದಽ ಕಟ್ಟಿ ಮ್ಯಾಲ ಕೂಡ್ತಿದ್ರು ನೋಡ್ರಿ. ಐತ್ವಾರ, ನಿಮ್ಮ ಭಾನುವಾರ, ಮುಂಜಾನಿ ಇಸ್ತ್ರಿ ಸೀರಿ ಉಟ್ಕೊಂಡು ಬಂದು ಕೂತ್ರ, ಕರದ್ರೂ ಓಗೊಡ್ತಿರಲಿಲ್ಲ. ಅಂಗೈ ಬಡಿಯೋರು, ಒಬ್ಬರಽ ನಗೋರು. ಒಮ್ಮೊಮ್ಮೆ ಒಂದು ಕೈ ಹಿಂಗ ಬಾಜೂಕ ಇಳಿಬಿಟ್ಟು ಕೂಡೋರು. ಯಾಕ್ರಿ ಅಂದ್ರ, ಸುಮ್ನಿರು, ಕೂಸು ಕೈ ಹಿಡ್ಕೊಂಡೈತಿ ಅನ್ನೋರು."

ನಾನು ಯಾರೆಂದು ಆಕೆ ಕೇಳಿದರು. ಪರಿಚಯದವನು ಎಂದೆ.

ಇಷ್ಟು ವರ್ಷ ಇದನ್ನೆಲ್ಲ ಹೆಂಡತಿಗೂ ಹೇಳಿರಲಿಲ್ಲ. ಹೋದ ವಾರ ಘಾಟು ಇಳಿದ ಮೇಲೆ ಒಳಗೆ ಬಂದು ಹೇಳಿದೆ. ಅವಳು ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಲಗ್ಗೆರೆಯ ಕಟ್ಟೆ, ಕೈ ಇಳಿಬಿಟ್ಟು ಕೂರುತ್ತಿದ್ದದ್ದು ಎಲ್ಲ ಹೇಳಿ, "ಅವತ್ತು ನಿಂಗೆ ಕೊಟ್ಟಿದ್ದು ಬ್ಯಾಡಗಿ ಕಣೇ" ಎಂದೆ.

ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಕೈಗೆ ತಗೊಂಡಾಗಲೇ ಗೊತ್ತಾಯ್ತು. ಇಷ್ಟು ವರ್ಷ ಒಲೆ ಮುಂದೆ ನಿಂತಿದೀನಿ, ಬ್ಯಾಡಗಿ ಯಾವುದು ಗುಂಟೂರು ಯಾವುದು ಗೊತ್ತಾಗಲ್ವಾ ನಂಗೆ? ನೀವೇ ಹೇಳ್ತೀರಾ ಅಂತ ಕಾದೆ. ನೀವು ಬೇರೆ ಏನೋ ಅಂದ್ರಿ."

"ಮತ್ತೆ ನೀನ್ಯಾಕೆ..."

ಆಗ ಕೈ ನಿಂತಿತು. "ಹಿಂದಿನ ದಿನ ಊಟ ಮಾಡಿಸೋಕೆ ಹೋದ್ರೆ ಪುಟ್ಟಿ ನಂಗೂ ಬೇಡ ಅಂದಿದ್ಲು ರೀ. ಅಜ್ಜಿ ಬೇಡ, ಪಟಪಟ ಅಜ್ಜಿ ಬೇಕು ಅಂದ್ಲು. ನಿಮಗೊಬ್ರಿಗೇ ಆಗಿದ್ದು ಅಂದ್ಕೊಂಡ್ರಾ?"

ನಾನು ಅವಳೆದುರು ಕೂತು ಒಂದು ಹಿಡಿ ಅವರೆಕಾಳು ತೆಗೆದುಕೊಂಡು ಹಿಸುಕತೊಡಗಿದೆ.

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ಭಾನುವಾರ ಅವಳಿಗೆ ಡ್ರಾಯಿಂಗ್ ಕ್ಲಾಸು, ನಮ್ಮಲ್ಲಿಗೆ ಬರುವುದು ಹಬ್ಬಕ್ಕೆ. ಮೊನ್ನೆ ಫೋನಿನಲ್ಲಿ, ರೊಟ್ಟಿ ಬಡಿಯುತ್ತಿದ್ದ ಅಜ್ಜಿ ನೆನಪಿದ್ದಾರಾ ಎಂದು ಕೇಳಿದೆ. "ಯಾವ ಅಜ್ಜಿ ತಾತ?" ಎಂದಳು. ರೊಟ್ಟಿಯಮ್ಮ ವಿಜಯಪುರದ ಕಡೆಯವರು ಎನ್ನುವುದು ಬಿಟ್ಟರೆ ಯಾವ ಹಳ್ಳಿ, ಅಣ್ಣತಮ್ಮಂದಿರು ಇದ್ದರಾ, ಇದ್ದರೆ ಏನು ಮಾಡುತ್ತಿದ್ದರು, ಒಂದು ದಿನವೂ ನಾವು ಕೇಳಿರಲಿಲ್ಲ. ಕೇಳಿದ್ದರೆ ಅವರ ಕಡೆಯ ಯಾರಾದರೂ ಒಬ್ಬರೆದುರು ನಿಂತು, ಅವರ ಕಣ್ಣಲ್ಲಿ ಏನೂ ಇರಲಿಲ್ಲ ಎಂದು ಹೇಳಬಹುದಿತ್ತು. ಹೇಳಲು ಯಾರೂ ಸಿಗದೆ ಇಲ್ಲಿ ಬರೆದಿದ್ದೇನೆ.