‘ಆಡಲಿಕ್ಕಿಲ್ಲ’ ಎಂಬುದರ ಅರ್ಥ ಕೇಳಲು ನಿಜ್ವಾಕ್ಕೆ

ಅದು 1995ನೆಯ ಇಸವಿ. ನನಗೆ ಆಗ ನಲವತ್ತೇಳು ವರ್ಷ. ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣವನ್ನು ಕಲಿಸಿ, ಬಳಿಕ ಮಸ್ಕತ್ತಿನ ಕಚೇರಿಯೊಂದನ್ನು ಸೇರಿದ್ದೆನು. ನವೆಂಬರ್ ತಿಂಗಳ ಒಂದು ಶುಕ್ರವಾರ ಬೆಳಗ್ಗೆ, ನೆರೆಮನೆಯ ರುದ್ರಪ್ಪನವರ ಕಾರಿನಲ್ಲಿ ಮದೀನತ್ ಸುಲ್ತಾನ್ ಖಾಬೂಸಿನಿಂದ ನಿಜ್ವಾಕ್ಕೆ ಹೊರಟೆವು. ದಾರಿ ಸುಮಾರು ನೂರರವತ್ತು ಕಿಲೋಮೀಟರು. ಅಲ್ಲಿಯ ಕೋಟೆಯನ್ನು ನೋಡುವುದು ನಮ್ಮ ಉದ್ದೇಶವಾಗಿರಲಿಲ್ಲ. ಒಂದು ಕ್ರಿಯಾಪದದ ಅರ್ಥವನ್ನು ತೀರ್ಮಾನಿಸಬೇಕಾಗಿತ್ತು.

ದಾವಣಗೆರೆಯ ರುದ್ರಪ್ಪನವರು ಇಂಜಿನಿಯರು. ಮಸ್ಕತ್ತಿಗೆ ವರ್ಗವಾಗುವ ಮೊದಲು ಅವರು ನಿಜ್ವಾದಲ್ಲಿ ಒಂಟಿಯಾಗಿ ಆರು ವರ್ಷ ಇದ್ದರು. ಆ ಕಾಲದಲ್ಲೂ, ವರ್ಗವಾದ ಮೇಲೂ ಪ್ರತಿ ಶುಕ್ರವಾರ ಅವರ ಊಟ, ಬಟ್ಟೆ ವ್ಯಾಪಾರಿ ಹಮೀದ್ ಬ್ಯಾರಿಯವರ ಮನೆಯಲ್ಲಿ. ಹಮೀದರು ಬಂಟ್ವಾಳದವರು. ಊಟವಾದ ಮೇಲೆ ಇಬ್ಬರೂ ಡಿಶ್ ಆಂಟೆನಾದಲ್ಲಿ ಯುರೋಪಿನ ಫುಟ್‌ಬಾಲ್ ನೋಡುವುದು ಪದ್ಧತಿ. ಹಿಂದಿನ ವರ್ಷ ಅಮೆರಿಕದಲ್ಲಿ ವಿಶ್ವಕಪ್ ನಡೆದ ಮೇಲೆ ಅಲ್ಲಿಯ ಕೆಲವು ಆಟಗಾರರು ಯುರೋಪಿನ ಹೆಸರಾಂತ ಕ್ಲಬ್ಬುಗಳಲ್ಲಿ, ಹೆಚ್ಚಾಗಿ ಬದಲಿ ಆಟಗಾರರಾಗಿ, ಕಾಣತೊಡಗಿದ್ದರು. ರುದ್ರಪ್ಪನವರು ಕಾಲೇಜು ತಂಡದಲ್ಲಿ ಮೂರು ವರ್ಷ ಬದಲಿ ಗೋಲಿಯಾಗಿ ಹೊರಗೇ ಕುಳಿತವರು. ಆದ್ದರಿಂದ ಆ ಹೊಸಬರ ಮೇಲೆ ಅವರಿಗೆ ಬಲು ಮಮತೆ. ಜರ್ಮನಿಯ ಕ್ಲಬ್ಬೊಂದಕ್ಕೆ ಸೇರಿದ್ದ ಅಮೆರಿಕನ್ ರಕ್ಷಣಾ ಆಟಗಾರನೊಬ್ಬನ ಬಗ್ಗೆ ಹಮೀದರು ಒಮ್ಮೆ, “ಅವ ಆಡ್ಲಿಕ್ಕಿಲ್ಲ” ಎಂದುಬಿಟ್ಟರು. ಮುಂದಿನ ಪಂದ್ಯದಲ್ಲೇ ಅವನು ಆಡಿದನು. “ನಿಮ್ಮ ಭವಿಷ್ಯ ಸುಳ್ಳಾಯ್ತಲ್ರೀ” ಎಂದರು ರುದ್ರಪ್ಪ. “ನಾನು ಹಾಗೆ ಹೇಳಿದ್ದಲ್ಲ. ಅವನನ್ನು ಆಡಿಸ್ಬಾರ್ದು ಅಂತ ಹೇಳಿದ್ದು” ಎಂದರು ಹಮೀದ್. “ಈಗ ಮಾತು ಬದಲಾಯಿಸ್ತೀರೇನು?” ಎಂದುಬಿಟ್ಟರು ರುದ್ರಪ್ಪ. ಮಾತಿನ ಮೇಲೆ ಅಂಗಡಿ ನಡೆಸುವ ಮನುಷ್ಯನಿಗೆ ಅದು ಚುಚ್ಚಿತು. ಎರಡು ತಿಂಗಳು ಮಾತಿಲ್ಲ, ಊಟವಿಲ್ಲ. ಈಗ ರುದ್ರಪ್ಪನವರು ಡಿಸೆಂಬರಿನಲ್ಲಿ ಒಮಾನನ್ನೇ ಬಿಟ್ಟು ಊರಿಗೆ ಮರಳುವವರಿದ್ದರು.

“ಜಗಳ ಇಟ್ಕೊಂಡು ಹೋಗಾಕ ಮನಸಿಲ್ಲ ಮೇಷ್ಟ್ರೇ. ಆದ್ರ ವ್ಯಾಕರಣ ನನ್ನ ಕಡೀನ ಐತಲ್ಲ?” ಎಂದು ಅವರು ದಾರಿಯಲ್ಲಿ ಕೇಳಿದರು.

ಇತ್ತೆಂದೇ ನನಗೂ ತೋರಿತು. ‘ಬರಲಿಕ್ಕಿಲ್ಲ’ ಎಂದರೆ ‘ಬಾರದೆ ಇರಬಹುದು’ ಎಂಬ ಸಂಭಾವನೆ. ನಾನು ಕಲಿಸಿದ್ದೂ ಅದನ್ನೇ.

ಮಾರನೆಯ ದಿನ ರಾಷ್ಟ್ರೀಯ ದಿನವಾದ್ದರಿಂದ ರಸ್ತೆಯ ದೀಪದ ಕಂಬಗಳಿಗೆಲ್ಲ ಬಾವುಟ ಕಟ್ಟಿದ್ದರು. ಬಿಸಿಲು ಹಿತವಾಗಿತ್ತು. ಫಂಜಾದಲ್ಲಿ ರಸ್ತೆಯಂಚಿಗೆ ಮಾರಲು ಜೋಡಿಸಿದ್ದ ಮಣ್ಣಿನ ಹೂಜಿಗಳನ್ನು ನೋಡಿಕೊಂಡು, ಬೋಳುಬೆಟ್ಟಗಳ ನಡುವೆ ಸಾಗಿ, ಇಜ್ಕಿಯ ಬಳಿ ಪುತ್ತೂರಿನವರ ಒಂದು ಹೋಟೆಲಿನಲ್ಲಿ ನಿಂತೆವು. ಪರೋಟ, ಕಡಲೆ ಗಸಿ, ಹಾಲಿಲ್ಲದ ಚಹಾ, ಎಲ್ಲವೂ ರುಚಿಯಾಗಿದ್ದವು. ತಿಂದ ಮೇಲೆ ರುದ್ರಪ್ಪನವರು ಪಾತ್ರೆ ತೊಳೆಯುವ ತೊಟ್ಟಿಯ ನಲ್ಲಿಗೆ ಕೈಯೊಡ್ಡಿದರು.

“ಹೋ, ಅಲ್ಲಿ ಕೈ ತೊಳೀಲಿಕ್ಕಿಲ್ಲ ಮಾರಾಯ್ರೆ!” ಎಂದು ಒಳಗಿನಿಂದ ಅಡುಗೆಯವನು ಕೂಗಿದನು.

“ತೊಳೀಲಿಕ್ಕಿಲ್ಲ ಅಂತೇನ್ರೀ ಅನುಮಾನ? ತೊಳ್ಯಾಕತ್ತೇನಲ್ಲ!” ಎಂದರು ರುದ್ರಪ್ಪ.

“ಅನುಮಾನ ಎಂತದ್ದು? ತೊಳೀಬಾರ್ದು! ಕೈ ತೊಳೀಲಿಕ್ಕೆ ಹೊರಗೆ ಉಂಟು.”

ರುದ್ರಪ್ಪನವರ ಕೈ ನಲ್ಲಿಯ ಕೆಳಗೇ ನಿಂತಿತು. ಅವರು ನನ್ನತ್ತ ತಿರುಗಿದರು, ನಾನು ತಲೆಯಾಡಿಸಿದೆನು. ಘಟ್ಟದ ಮೇಲೆ ಸಂಭಾವನೆಯಾಗಿರುವ ರೂಪವೇ ಘಟ್ಟದ ಕೆಳಗೆ ನಿಷೇಧವೂ ಆಗುತ್ತದೆ.

ಜುಮ್ಮಾ ನಮಾಜು ಮುಗಿದ ಮೇಲೆ ನಿಜ್ವಾ ತಲುಪಿದೆವು. ಖರ್ಜೂರದ ತೋಟದ ಪಕ್ಕದ ಮನೆ. ಹಮೀದರು ನನ್ನನ್ನು “ಬನ್ನಿ ಮಾಷ್ಟ್ರೆ” ಎಂದು ಕರೆದರು; ರುದ್ರಪ್ಪನವರಿಗೆ ಕುರ್ಚಿಯನ್ನಷ್ಟೇ ತೋರಿಸಿದರು. ಏಲಕ್ಕಿ ಹಾಕಿದ ಒಮಾನಿ ಕಾಫಿ ಕಾವಾ ಬಂತು, ಖರ್ಜೂರ ಬಂತು. ಹಮೀದರು ಮಾತು ಬದಲಿಸಿಲ್ಲವೆಂದೂ ಅವರ ಪ್ರಯೋಗ ಅವರ ಸೀಮೆಗೆ ಶುದ್ಧವೆಂದೂ ನಾನು ವಿವರಿಸಿದೆನು.

“ಅದು ನೀವು ಹೇಳಿದ್ರೆ ಸಾಲದು ಮಾಷ್ಟ್ರೆ. ಹೇಳ್ಬೇಕಾದವರು ಹೇಳ್ಬೇಕು” ಎಂದು ಹಮೀದರು ಟಿವಿ ಹಾಕಿದರು.

ಹಿಂದಿನ ವಾರದ ಪಂದ್ಯದ ಮರುಪ್ರಸಾರ. ಅದೇ ಅಮೆರಿಕನ್ ಕಣದಲ್ಲಿದ್ದನು. ಮೊದಲರ್ಧದಲ್ಲಿ ಎದುರಾಳಿಯೊಬ್ಬ ಅವನನ್ನು ದಾಟಿಕೊಂಡು ಹೋಗಿ ಗೋಲು ಹೊಡೆದನು. “ಕಂಡ್ರಾ?” ಎಂದು ಹಮೀದರು ಗೋಡೆಗೆ ಹೇಳಿದರು. ರುದ್ರಪ್ಪನವರು ಖರ್ಜೂರದ ಬೀಜವನ್ನು ಬೆರಳಲ್ಲಿ ಉರುಳಿಸುತ್ತಿದ್ದರು. ಎರಡನೆಯ ಅರ್ಧದಲ್ಲಿ, ಅವನ ತಂಡದ ಗೋಲಿ ಮುಂದೆ ಬಂದಿದ್ದರಿಂದ ಬರಿದಾದ ಗೋಲಿನೊಳಕ್ಕೆ ಚೆಂಡು ನುಗ್ಗುತ್ತಿತ್ತು. ಆ ಅಮೆರಿಕನ್ ಹಿಂದಕ್ಕೆ ಓಡಿ, ಗೆರೆಯ ಮೇಲೆಯೇ ಎದೆಯೊಡ್ಡಿ ತಡೆದನು. ಬಿದ್ದಲ್ಲಿಂದಲೇ ಹೊರಕ್ಕೆ ಒದ್ದನು.

ಹಮೀದರು ಎದ್ದೇಬಿಟ್ಟರು. “ಯಲ್ಲಾ! ಇಲ್ಲ ಇಲ್ಲ, ಇವ ಆಡ್ಲಿಕ್ಕುಂಟು!”

“ಮೇಷ್ಟ್ರೇ, ಇದಕ್ಕೇನರ್ಥ? ಆಡ್ತಾನ ಅಂತಲೋ, ಆಡಬೇಕು ಅಂತಲೋ?” ಎಂದು ರುದ್ರಪ್ಪನವರು ಮೆಲ್ಲಗೆ ಕೇಳಿದರು.

“ಎರಡೂ ಮಾರಾಯ್ರೆ, ಎರಡೂ!” ಹಮೀದರಿಗೆ ನಗು ತಡೆಯಲಾಗಲಿಲ್ಲ.

ರುದ್ರಪ್ಪನವರು ನಗಲಿಲ್ಲ. “ನಾ ಅವತ್ತು ಹಂಗ ಅನ್ನಬಾರ್ದಿತ್ತು ಸಾಹೇಬ್ರೇ. ನೀವು ಮಾತು ಬದಲಾಯಿಸೋರಲ್ಲ” ಎಂದರು. ಹಮೀದರು ಟಿವಿಯ ಸದ್ದನ್ನು ತಗ್ಗಿಸಿದರು.

ಪಂದ್ಯ ಮುಗಿಯಿತು. ಸಂಕೋಚದಿಂದಲೇ ರುದ್ರಪ್ಪನವರು ಕಾರಿನ ಕೀಲಿ ಹುಡುಕುತ್ತ ಎದ್ದರು. ಒಳಗಿನಿಂದ ತುಪ್ಪದಲ್ಲಿ ಹುರಿದ ಈರುಳ್ಳಿಯ ಪರಿಮಳ ಬರುತ್ತಿತ್ತು. ಹಮೀದರು ಬಾಗಿಲಿಗೆ ಅಡ್ಡವಾಗಿ ನಿಂತು, “ಊಟ ಮಾಡದೆ ಹೋಗ್ಲಿಕ್ಕಿಲ್ಲ” ಎಂದರು.

ಅದರ ಅರ್ಥವನ್ನು ರುದ್ರಪ್ಪನವರು ಈ ಬಾರಿ ನನ್ನನ್ನು ಕೇಳಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿ, “ಕೈ ಎಲ್ಲಿ ತೊಳೀಲಿ, ಅದನ್ನ ಮೊದ್ಲು ಹೇಳ್ರಿ” ಎಂದರು. ಅಂದು 1995ನೆಯ ಇಸವಿ ನವೆಂಬರ್ 17.