ದೇವರ ಫೋಟೊದ ಪಕ್ಕದ ಪೆನ್‌ಡ್ರೈವ್

ಡೊಂಬಿವಲಿ ಸ್ಟೇಶನ್ನಿನ ಹೊರಗೆ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ ಇಟ್ಟಿರುವ ಉಡುಪಿ ಕಡೆಯ ವಾಮನಣ್ಣ ಯಾವ ಪೆನ್‌ಡ್ರೈವನ್ನೂ ಸತ್ತಿದೆ ಎನ್ನುವವರಲ್ಲ. ಕಂಪ್ಯೂಟರ್ ಗುರುತೇ ಹಿಡಿಯುತ್ತಿಲ್ಲವೆಂದು ನೀವು ಅಳುಮುಖ ಮಾಡಿಕೊಂಡು ಹೋದರೆ, ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಅದನ್ನು ಅಂಗೈಗೆ ತೆಗೆದುಕೊಳ್ಳುತ್ತಾರೆ. ಅದರ ಬಾಯಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತಾರೆ, ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕುತ್ತಾರೆ, ಡ್ರೈವರ್ ಕಿತ್ತು ಮತ್ತೆ ಕೂರಿಸುತ್ತಾರೆ. ಕಡೆಗೆ ಕಂಪ್ಯೂಟರ್ ಟಿಡಿಂಗ್ ಎಂದರೆ, ಪಕ್ಕದ ವಡಾಪಾವಿನವನಿಗೂ ಕೇಳುವಂತೆ "ಜೀವ ಉಂಟು ಮಾರಾಯ್ರೆ!" ಎಂದು ಕೂಗುತ್ತಾರೆ. ಆಮೇಲೆ ಬೈಗುಳ: "ಲೋಕಲ್ ಟ್ರೈನ್ ತಪ್ತದೆ ಅಂತ ಎಳೆದು ಕಿಸೆಗೆ ಹಾಕಿದ್ದಲ್ವಾ? ಇಜೆಕ್ಟ್ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು ನಿಮಗೆ?" ಅಂಗಡಿಯ ದೇವರ ಫೋಟೊದ ಪಕ್ಕ, ಮೊಳೆಯಲ್ಲಿ, ಒಂದು ಕೆಂಪು ಪೆನ್‌ಡ್ರೈವ್ ನೇತಾಡುತ್ತದೆ. ಅವರ ಹೆಂಡತಿ ಸುನಂದಕ್ಕ ತೀರಿಕೊಳ್ಳುವ ಮೊದಲು ಮಗಳಿಗೆಂದು ತುಳುವಿನಲ್ಲಿ ಹೇಳಿ ರೆಕಾರ್ಡ್ ಮಾಡಿಸಿಟ್ಟ ಮಾತುಗಳು ಅದರಲ್ಲಿವೆ. ಥಾಣೆಯಲ್ಲಿ ಮನೆ ಮಾಡಿರುವ ಮಗಳಿಗೆ ಕೇಳಿಸಲೆಂದು ಲೋಕಲ್ಲಿಗೆ ಓಡುವ ಅವಸರದಲ್ಲಿ ಅದನ್ನು ಇಜೆಕ್ಟ್ ಮಾಡದೆ ಹಾಗೇ ಎಳೆದುಕೊಂಡವರು ವಾಮನಣ್ಣನೇ. ಮಗಳ ಮನೆಯ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ನಾಲ್ಕು ವರ್ಷವಾಯಿತು. "ಇಲ್ಲಿ ಹಿಂದಿನ ಪೋರ್ಟಿಗೆ ಹಾಕಿ ನೋಡಿದ್ರಾ ಅಣ್ಣ?" ಎಂದು ನಾನು ಒಮ್ಮೆ ಕೇಳಿದೆ. ಅವರು ಅದರ ಧೂಳು ಒರೆಸಿ, ಮತ್ತೆ ಮೊಳೆಗೆ ಸಿಕ್ಕಿಸಿದರು. "ಇಲ್ಲ. ಹಾಕಿ ನೋಡದಿದ್ರೆ ಅದಕ್ಕೆ ಇನ್ನೂ ಜೀವ ಉಂಟಲ್ಲ ಮಾರಾಯ್ರೆ."